‘ಸೇಫ್ ಡೇಸ್’ ಪಟ್ಟಿ ನಂಬಬಹುದೇ? ನೈಸರ್ಗಿಕ ಕುಟುಂಬ ಯೋಜನೆ ಕಲಿಯಲು ವೈದ್ಯರು, ನೆರವು ಎಲ್ಲಿ ಸಿಗುತ್ತದೆ?

‘ಮುಟ್ಟು ನಿಂತ ಮೇಲೆ 7 ದಿನ, ಮುಂದಿನ ಮುಟ್ಟಿಗೆ ಮುಂಚೆ 7 ದಿನ ಪೂರ್ತಿ ಸೇಫ್. ಮಾತ್ರೆ ಬೇಡ, ಕಾಪರ್-ಟಿ ಬೇಡ, ಆಪರೇಷನ್ ಬೇಡ. ಡಾಕ್ಟರುಗಳು ಇದನ್ನು ಹೇಳುವುದಿಲ್ಲ. ನಿಮ್ಮ ಎಲ್ಲ ಅಕ್ಕತಂಗಿಯರಿಗೂ ಕಳುಹಿಸಿ.’

ಇಂಥದ್ದೊಂದು ವಾಟ್ಸಾಪ್ ಸಂದೇಶವನ್ನು ಮೈಸೂರಿನ ಶ್ರೀರಾಂಪುರದ ಓದುಗರೊಬ್ಬರು ನಮಗೆ ಕಳುಹಿಸಿದ್ದಾರೆ. ಅವರ ಮೊದಲ ಮಗುವಿಗೆ ಈಗ ಒಂದು ವರ್ಷ ಎರಡು ತಿಂಗಳು. ಇನ್ನೊಂದು ಮಗು ಬೇಕು, ಆದರೆ ಎರಡು ವರ್ಷ ಕಳೆದ ಮೇಲೆ. ಗರ್ಭನಿರೋಧಕ ಮಾತ್ರೆ ತೆಗೆದುಕೊಂಡಾಗ ತಲೆನೋವು, ವಾಕರಿಕೆ ಬಂದು ನಿಲ್ಲಿಸಿದ್ದಾರೆ. ಒಂದು ಕ್ಲಿನಿಕ್ಕಿನಲ್ಲಿ ನೈಸರ್ಗಿಕ ವಿಧಾನದ ಬಗ್ಗೆ ಕೇಳಿದಾಗ, ‘ಅದೆಲ್ಲ ಆಗಲ್ಲಮ್ಮ, ವಂಕಿ ಹಾಕಿಸ್ಕೊಂಡುಬಿಡಿ’ ಎಂದು ಎರಡು ನಿಮಿಷದಲ್ಲಿ ಮಾತು ಮುಗಿಯಿತಂತೆ. ಅವರ ಪ್ರಶ್ನೆ ಎರಡು: ಈ ಫಾರ್ವರ್ಡ್ ನಿಜವೇ? ನಿಜವಾದ ವಿಧಾನವನ್ನು ಕೂತು ಹೇಳಿಕೊಡುವವರು ನಮ್ಮೂರಿನಲ್ಲಿ ಯಾರಿದ್ದಾರೆ?

ಚಿಕ್ಕ ಉತ್ತರ ಹೀಗಿದೆ. ಫಾರ್ವರ್ಡ್ ತಪ್ಪು, ಅದನ್ನು ನಂಬಿದರೆ ಗರ್ಭ ನಿಲ್ಲುವ ಸಾಧ್ಯತೆ ಚೆನ್ನಾಗಿಯೇ ಇದೆ. ಆದರೆ ನೈಸರ್ಗಿಕ ಕುಟುಂಬ ಯೋಜನೆ ಎಂಬುದು ಸುಳ್ಳಲ್ಲ. ಅದು ವಿಜ್ಞಾನ ಒಪ್ಪಿದ, ಕಲಿತು ಮಾಡಬೇಕಾದ ವಿಧಾನ. ಅದು ಎಲ್ಲರಿಗೂ ಹೊಂದುವುದಿಲ್ಲ. ಹೊಂದುವವರಿಗೂ ಪಟ್ಟಿಯೊಂದೇ ಸಾಲದು, ಕಲಿಸುವವರೊಬ್ಬರು ಬೇಕು, ಮನೆಯಲ್ಲಿ ಗಂಡನ ಒಪ್ಪಿಗೆ ಬೇಕು.

ಫಾರ್ವರ್ಡ್‌ನಲ್ಲಿ ತಪ್ಪಿರುವುದು ಎಲ್ಲಿ?

ಮೊದಲು ದೇಹದ ಲೆಕ್ಕ ನೋಡೋಣ. ಹೆಣ್ಣಿನ ಅಂಡಾಶಯದಿಂದ ಸಾಮಾನ್ಯವಾಗಿ ಒಂದು ಋತುಚಕ್ರದಲ್ಲಿ ಒಮ್ಮೆ ಅಂಡಾಣು ಹೊರಬರುತ್ತದೆ. ಅದು ಬದುಕಿರುವುದು 12ರಿಂದ 24 ಗಂಟೆ ಮಾತ್ರ. ಆದರೆ ಗಂಡಿನ ವೀರ್ಯಾಣು ಹೆಣ್ಣಿನ ದೇಹದೊಳಗೆ 5 ದಿನದವರೆಗೂ ಬದುಕಿರಬಲ್ಲದು. ಅಂದರೆ ಅಂಡಾಣು ಬರುವ ದಿನ ಮತ್ತು ಅದಕ್ಕೆ ಹಿಂದಿನ 5 ದಿನ, ಒಟ್ಟು 6 ದಿನ ಗರ್ಭ ನಿಲ್ಲುವ ದಿನಗಳು.

ಹಾಗಾದರೆ ಆ 6 ದಿನ ಬಿಟ್ಟರೆ ಸಾಕಲ್ಲವೇ? ಸಾಕು. ಆದರೆ ಆ 6 ದಿನ ಯಾವುವು ಎಂದು ಮುಂಚಿತವಾಗಿ ತಿಳಿಯುವುದೇ ಕಷ್ಟ. ಅಂಡಾಣು ಹೊರಬರುವುದು ಮುಂದಿನ ಮುಟ್ಟಿಗೆ ಸುಮಾರು 14 ದಿನ ಮುಂಚೆ. ಋತುಚಕ್ರ 28 ದಿನವಿದ್ದರೆ 14ನೇ ದಿನದ ಆಸುಪಾಸು, 35 ದಿನವಿದ್ದರೆ 21ರ ಆಸುಪಾಸು, 26 ದಿನವಿದ್ದರೆ 12ರ ಆಸುಪಾಸು. ದಿನ ಎಣಿಸುವಾಗ ರಕ್ತಸ್ರಾವ ಶುರುವಾದ ದಿನವೇ 1ನೇ ದಿನ ಎಂಬುದು ನೆನಪಿರಲಿ.

ಈಗ ಫಾರ್ವರ್ಡ್‌ನ ಲೆಕ್ಕವನ್ನು ಹಾಕಿ ನೋಡಿ. ಒಬ್ಬರಿಗೆ 26 ದಿನಕ್ಕೊಮ್ಮೆ ಮುಟ್ಟು, 5 ದಿನ ರಕ್ತಸ್ರಾವ. ‘ಮುಟ್ಟು ನಿಂತ ಮೇಲೆ 7 ದಿನ’ ಎಂದರೆ 6ನೇ ದಿನದಿಂದ 12ನೇ ದಿನ. ಅವರಿಗೆ ಅಂಡಾಣು ಹೊರಬರುವುದೂ 12ನೇ ದಿನದ ಸುಮಾರಿಗೆ. ಅಂದರೆ ಗರ್ಭ ನಿಲ್ಲುವ ಸಾಧ್ಯತೆ ಅತಿ ಹೆಚ್ಚಿರುವ ದಿನಗಳನ್ನೇ ಫಾರ್ವರ್ಡ್ ‘ಪೂರ್ತಿ ಸೇಫ್’ ಎನ್ನುತ್ತಿದೆ!

‘ಮುಂದಿನ ಮುಟ್ಟಿಗೆ ಮುಂಚಿನ 7 ದಿನ’ ಎಂಬ ಮಾತು ಇದಕ್ಕಿಂತ ವಾಸಿ. ಸಾಮಾನ್ಯವಾಗಿ ಆ ಹೊತ್ತಿಗೆ ಅಂಡಾಣುವಿನ ಆಯಸ್ಸು ಮುಗಿದಿರುತ್ತದೆ. ಆದರೆ ಮುಂದಿನ ಮುಟ್ಟು ಯಾವತ್ತು ಎಂದು ಇವತ್ತೇ ಗೊತ್ತಾಗುವುದು ಹೇಗೆ? ಜ್ವರ, ಪ್ರಯಾಣ, ನಿದ್ದೆಗೇಡು, ಮನಸ್ಸಿನ ಒತ್ತಡ, ಮಗುವಿಗೆ ಹಾಲುಣಿಸುವುದು ಇವುಗಳಿಂದ ಅಂಡಾಣು ಬರುವುದು ಒಂದು ವಾರ ಮುಂದೆ ಹೋಗಬಹುದು. ಆಗ ನೀವು ‘ಕೊನೆಯ 7 ದಿನ’ ಎಂದುಕೊಂಡದ್ದು ನಿಜವಾಗಿ ನಡುವಿನ ದಿನಗಳಾಗಿರುತ್ತವೆ.

ಹಾಗಾದರೆ ನಿಜವಾದ ವಿಧಾನಗಳು ಯಾವುವು?

1. ದಿನಗಳ ಲೆಕ್ಕ. 1920ರ ದಶಕದಲ್ಲಿ ಜಪಾನಿನ ಒಗಿನೊ ಮತ್ತು ಆಸ್ಟ್ರಿಯಾದ ಕ್ನಾಸ್ ಎಂಬ ವೈದ್ಯರು ಬೇರೆಬೇರೆಯಾಗಿ ಕಂಡುಕೊಂಡ ಸಂಗತಿಯ ಮೇಲೆ ನಿಂತ ಹಳೆಯ ವಿಧಾನ ಇದು. ಕನಿಷ್ಠ 6 ತಿಂಗಳು ಮುಟ್ಟಿನ ದಿನಾಂಕ ಬರೆದಿಡಬೇಕು. ಅತಿ ಚಿಕ್ಕ ಚಕ್ರದಿಂದ 18 ಕಳೆಯಿರಿ, ಅತಿ ದೊಡ್ಡ ಚಕ್ರದಿಂದ 11 ಕಳೆಯಿರಿ. ಉದಾಹರಣೆಗೆ ಚಿಕ್ಕದು 26, ದೊಡ್ಡದು 31 ಇದ್ದರೆ 8ನೇ ದಿನದಿಂದ 20ನೇ ದಿನದವರೆಗೆ ಗರ್ಭ ನಿಲ್ಲುವ ದಿನಗಳು. ಒಟ್ಟು 13 ದಿನ ದೂರವಿರಬೇಕು ಎಂದಾಯಿತು. ಫಾರ್ವರ್ಡ್‌ಗಳು ಮುಚ್ಚಿಡುವುದು ಇದನ್ನೇ.

2. ಮಣಿಸರದ ವಿಧಾನ. ಋತುಚಕ್ರ ಪ್ರತಿ ಬಾರಿಯೂ 26ರಿಂದ 32 ದಿನಗಳೊಳಗೆ ಇರುವವರಿಗೆ ಮಾತ್ರ. ಅಮೆರಿಕದ ಜಾರ್ಜ್‌ಟೌನ್ ವಿಶ್ವವಿದ್ಯಾಲಯದವರು ರೂಪಿಸಿದ್ದು. ಇದರಲ್ಲಿ 8ನೇ ದಿನದಿಂದ 19ನೇ ದಿನದವರೆಗೆ ಎಚ್ಚರ. ಲೆಕ್ಕ ತಪ್ಪದಿರಲಿ ಎಂದು ಬಣ್ಣದ ಮಣಿಗಳ ಸರ, ದಿನಕ್ಕೊಂದು ಮಣಿಯಂತೆ ಉಂಗುರ ಸರಿಸುತ್ತ ಹೋಗಬೇಕು.

3. ಲೋಳೆ ಗಮನಿಸುವ ವಿಧಾನ. ಅಂಡಾಣು ಬರುವ ದಿನ ಹತ್ತಿರವಾದಂತೆ ಯೋನಿಸ್ರಾವ ಬದಲಾಗುತ್ತದೆ. ಮೊದಲು ಒಣಗಿದಂತಿದ್ದು, ಆಮೇಲೆ ಅಂಟಂಟಾಗಿ, ಕೊನೆಗೆ ಲೋಳೆಸರದ ತಿರುಳಿನಂತೆ ತಿಳಿಯಾಗಿ, ಜಾರುವಂತೆ, ಎಳೆದರೆ ದಾರದಂತೆ ಬರುವ ಹಾಗಾಗುತ್ತದೆ. ಇದು ಬಿಳಿಸೆರಗಿನ ಕಾಯಿಲೆಯಲ್ಲ, ಸಹಜ. ಆದರೆ ದುರ್ವಾಸನೆ, ತುರಿಕೆ, ಉರಿ ಇದ್ದರೆ ಸೋಂಕು ಇರಬಹುದು. ಮೊದಲು ಅದಕ್ಕೆ ಚಿಕಿತ್ಸೆ ಆಗಬೇಕು. ಸೋಂಕಿರುವಾಗ ಈ ವಿಧಾನ ಲೆಕ್ಕಕ್ಕೆ ಬರುವುದಿಲ್ಲ. ಆಸ್ಟ್ರೇಲಿಯಾದ ವೈದ್ಯ ದಂಪತಿ ಜಾನ್ ಮತ್ತು ಎವೆಲಿನ್ ಬಿಲ್ಲಿಂಗ್ಸ್ ಇದನ್ನು ಬೆಳೆಸಿದ್ದರಿಂದ ‘ಬಿಲ್ಲಿಂಗ್ಸ್ ವಿಧಾನ’ ಎಂದೂ ಕರೆಯುತ್ತಾರೆ.

4. ತಾಪಮಾನ ಮತ್ತು ಲೋಳೆ ಎರಡನ್ನೂ ನೋಡುವ ವಿಧಾನ. ಬೆಳಿಗ್ಗೆ ಕಣ್ಣುಬಿಟ್ಟ ಕೂಡಲೇ, ಹಾಸಿಗೆಯಿಂದ ಏಳುವ ಮೊದಲೇ ಥರ್ಮಾಮೀಟರ್ ಇಟ್ಟು ಬರೆದುಕೊಳ್ಳಬೇಕು. ಅಂಡಾಣು ಬಿಡುಗಡೆಯಾದ ಮೇಲೆ ತಾಪಮಾನ ಸುಮಾರು 0.2 ಡಿಗ್ರಿ ಸೆಲ್ಸಿಯಸ್ ಅಥವಾ ಇನ್ನೂ ಸ್ವಲ್ಪ ಏರಿ ಅಲ್ಲಿಯೇ ನಿಲ್ಲುತ್ತದೆ. ಮೂರು ದಿನ ಏರಿಕೆ ಉಳಿದು, ಲೋಳೆಯೂ ಒಣಗಿದರೆ ಆ ಚಕ್ರದಲ್ಲಿ ಗರ್ಭ ನಿಲ್ಲುವ ದಿನಗಳು ಮುಗಿದವು ಎಂದರ್ಥ. ನೈಸರ್ಗಿಕ ವಿಧಾನಗಳಲ್ಲಿ ಇದೇ ಹೆಚ್ಚು ಗಟ್ಟಿ. ಕಲಿಯಲು ಶ್ರಮವೂ ಹೆಚ್ಚು.

5. ಎದೆಹಾಲಿನ ವಿಧಾನ. ‘ಹಾಲು ಕುಡಿಸುವಾಗ ಗರ್ಭ ನಿಲ್ಲುವುದಿಲ್ಲ’ ಎಂಬ ಮಾತು ಮನೆಮನೆಯಲ್ಲೂ ಇದೆ. ಅದು ಅರ್ಧ ನಿಜ. ಮೂರು ಷರತ್ತು ಒಟ್ಟಿಗೆ ಇರಬೇಕು: ಮಗುವಿಗೆ 6 ತಿಂಗಳು ತುಂಬಿರಬಾರದು, ಹೆರಿಗೆಯ ನಂತರ ಮುಟ್ಟು ಶುರುವಾಗಿರಬಾರದು, ಮಗುವಿಗೆ ಹಗಲು ರಾತ್ರಿ ಎದೆಹಾಲು ಮಾತ್ರ ಕೊಡುತ್ತಿರಬೇಕು. ಮೂರೂ ಇದ್ದರೆ ಗರ್ಭ ನಿಲ್ಲುವ ಸಾಧ್ಯತೆ ನೂರಕ್ಕೆ ಎರಡಕ್ಕಿಂತ ಕಡಿಮೆ. ಒಂದು ತಪ್ಪಿದರೂ ಬೇರೆ ವಿಧಾನ ಬೇಕು. ನಮ್ಮ ಓದುಗರ ಮಗುವಿಗೆ 14 ತಿಂಗಳು. ಅವರಿಗೆ ಇದು ಅನ್ವಯಿಸುವುದಿಲ್ಲ.

ಸ್ಖಲನಕ್ಕೆ ಮೊದಲು ಹಿಂತೆಗೆದುಕೊಳ್ಳುವುದನ್ನೂ ಕೆಲವರು ನೈಸರ್ಗಿಕ ವಿಧಾನ ಎನ್ನುತ್ತಾರೆ. ಆದರೆ ಅದರಲ್ಲಿ ಋತುಚಕ್ರದ ಲೆಕ್ಕವೇ ಇಲ್ಲ. ಅದನ್ನೇ ನಂಬಿಕೊಂಡ 100 ದಂಪತಿಗಳಲ್ಲಿ ಒಂದು ವರ್ಷದೊಳಗೆ ಸುಮಾರು 20 ಮಂದಿಗೆ ಗರ್ಭ ನಿಲ್ಲುತ್ತದೆ.

ಎಷ್ಟು ನಂಬಬಹುದು?

ಯಾವುದೇ ವಿಧಾನಕ್ಕೆ ಎರಡು ಅಂಕಿ ಇರುತ್ತವೆ. ಒಂದು, ನಿಯಮ ಒಂದೂ ತಪ್ಪದೆ ಪಾಲಿಸಿದಾಗಿನದು. ಇನ್ನೊಂದು, ಜನ ನಿಜವಾಗಿ ಬಳಸುವಾಗಿನದು. ಫಾರ್ವರ್ಡ್‌ಗಳಲ್ಲಿ ಬರುವುದು ಮೊದಲನೆಯದು. ನಿಮಗೆ ಬೇಕಾದದ್ದು ಎರಡನೆಯದು.

ಒಂದು ವರ್ಷದಲ್ಲಿ 100 ಹೆಂಗಸರಲ್ಲಿ ಎಷ್ಟು ಮಂದಿಗೆ ಗರ್ಭ ನಿಲ್ಲುತ್ತದೆ ಎಂಬ ಲೆಕ್ಕ ಹೀಗಿದೆ:

• ಯಾವ ವಿಧಾನವೂ ಇಲ್ಲದಿದ್ದರೆ: ಸುಮಾರು 85
• ನೈಸರ್ಗಿಕ ವಿಧಾನಗಳು, ಜನ ಬಳಸುವ ರೀತಿಯಲ್ಲಿ: 2ರಿಂದ 23, ಯಾವ ವಿಧಾನ ಮತ್ತು ಎಷ್ಟು ಚೆನ್ನಾಗಿ ಕಲಿತಿದ್ದಾರೆ ಎಂಬುದರ ಮೇಲೆ
• ಕಾಂಡೋಮ್, ಜನ ಬಳಸುವ ರೀತಿಯಲ್ಲಿ: ಸುಮಾರು 13
• ಕಾಪರ್-ಟಿ: 1ಕ್ಕಿಂತ ಕಡಿಮೆ

2ರಿಂದ 23 ಎಂದರೆ ಬಹಳ ಅಂತರವಲ್ಲವೇ? ಈ ಲೇಖನದ ತಿರುಳೇ ಅದು. 2007ರಲ್ಲಿ ಪ್ರಕಟವಾದ ಜರ್ಮನಿಯ ಅಧ್ಯಯನವೊಂದರಲ್ಲಿ ತಾಪಮಾನ ಮತ್ತು ಲೋಳೆ ಎರಡನ್ನೂ ನೋಡುವ ವಿಧಾನ ಬಳಸಿದ 900 ಹೆಂಗಸರಲ್ಲಿ ವರ್ಷಕ್ಕೆ ನೂರಕ್ಕೆ 1.8 ಮಂದಿಗೆ ಮಾತ್ರ ಗರ್ಭ ನಿಂತಿತು. ಮಣಿಸರದ ವಿಧಾನವನ್ನು ಬೊಲಿವಿಯಾ, ಪೆರು ಮತ್ತು ಫಿಲಿಪ್ಪೀನ್ಸ್‌ನಲ್ಲಿ 478 ಮಂದಿಯ ಮೇಲೆ ಪರೀಕ್ಷಿಸಿದಾಗ, ಸರಿಯಾಗಿ ಬಳಸಿದರೆ ನೂರಕ್ಕೆ ಸುಮಾರು 5, ಒಟ್ಟಾರೆ ಸುಮಾರು 12 ಎಂದು ಕಂಡುಬಂತು. ಇವರೆಲ್ಲ ತರಬೇತಿ ಪಡೆದವರು. ಪಟ್ಟಿ ಓದಿ ಶುರು ಮಾಡಿದವರಲ್ಲ.

ನಮ್ಮ ಬೆಂಗಳೂರು ಕೂಡ ಇಂಥದ್ದೊಂದು ಅಧ್ಯಯನದಲ್ಲಿತ್ತು. 1970ರ ದಶಕದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಲೋಳೆ ಗಮನಿಸುವ ವಿಧಾನವನ್ನು ಬೆಂಗಳೂರು, ಆಕ್ಲೆಂಡ್, ಡಬ್ಲಿನ್, ಮನಿಲಾ ಮತ್ತು ಎಲ್ ಸಾಲ್ವಡಾರ್‌ನ ಸ್ಯಾನ್ ಮಿಗೆಲ್‌ನಲ್ಲಿ ಪರೀಕ್ಷಿಸಿತು. ಒಟ್ಟು 869 ಹೆಂಗಸರಿಗೆ ಕಲಿಸಿದಾಗ 93 ಶೇಕಡಾ ಮಂದಿ ಮೊದಲ ಚಕ್ರದಲ್ಲೇ ಗುರುತು ಹಿಡಿಯಲು ಕಲಿತರು. ಆದರೂ ಮುಂದಿನ ಒಂದು ವರ್ಷದಲ್ಲಿ ನೂರಕ್ಕೆ ಸುಮಾರು 20 ಮಂದಿಗೆ ಗರ್ಭ ನಿಂತಿತು. ಏಕೆ? ಗುರುತು ತಪ್ಪಿದ್ದರಿಂದ ಆದದ್ದು ಕಡಿಮೆ. ಬಹುಪಾಲು ಪ್ರಕರಣಗಳಲ್ಲಿ ‘ಇದು ಗರ್ಭ ನಿಲ್ಲುವ ದಿನ’ ಎಂದು ಗೊತ್ತಿದ್ದೂ ನಿಯಮ ಮೀರಲಾಗಿತ್ತು.

ಅಂದರೆ ಗುರುತಿಸುವುದನ್ನು ಕಲಿಯುವುದು ಅಷ್ಟೇನೂ ಕಷ್ಟವಲ್ಲ. ಕಷ್ಟವಿರುವುದು ‘ಇವತ್ತು ಬೇಡ’ ಎಂಬ ಮಾತು ಮನೆಯಲ್ಲಿ ನಡೆಯುವುದರಲ್ಲಿ.

ರಾಮನಗರದ ಮಣಿಸರದ ಕಥೆ

ಈ ಪಾಠ ನಮ್ಮ ನೆಲಕ್ಕೆ ಹೊಸದಲ್ಲ. 1930ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಆಳ್ವಿಕೆಯಲ್ಲಿ, ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ, ಮೈಸೂರು ಸರ್ಕಾರ ಸರ್ಕಾರಿ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣ ಚಿಕಿತ್ಸಾಲಯ ತೆರೆಯಲು ಆದೇಶ ಹೊರಡಿಸಿತು. ಒಂದು ಸರ್ಕಾರವೇ ಇಂಥ ಕೆಲಸಕ್ಕೆ ಕೈಹಾಕಿದ್ದು ಜಗತ್ತಿನಲ್ಲೇ ಮೊದಲು ಎಂದು ಇದನ್ನು ಗುರುತಿಸುತ್ತಾರೆ.

ಸ್ವಾತಂತ್ರ್ಯ ಬಂದ ಮೇಲೆ ಕೇಂದ್ರದ ಆರೋಗ್ಯ ಸಚಿವೆಯಾಗಿದ್ದ ರಾಜಕುಮಾರಿ ಅಮೃತ್ ಕೌರ್ ಅವರಿಗೆ ನೈಸರ್ಗಿಕ ವಿಧಾನದ ಮೇಲೆ ಒಲವಿತ್ತು. ಭಾರತದ ಕೋರಿಕೆಯಂತೆ ವಿಶ್ವ ಆರೋಗ್ಯ ಸಂಸ್ಥೆ 1951ರಲ್ಲಿ ಅಮೆರಿಕದ ವೈದ್ಯ ಅಬ್ರಹಾಂ ಸ್ಟೋನ್ ಅವರನ್ನು ಕಳುಹಿಸಿತು. 1952ರಲ್ಲಿ ಶುರುವಾದ ಪ್ರಯೋಗಕ್ಕೆ ಆಯ್ಕೆಯಾದ ಜಾಗಗಳು ಎರಡು: ದೆಹಲಿಯ ಲೋಧಿ ಕಾಲೊನಿ ಮತ್ತು ಬೆಂಗಳೂರು–ಮೈಸೂರು ದಾರಿಯಲ್ಲಿರುವ ನಮ್ಮ ರಾಮನಗರ.

ಓದುಬರಹ ಬಾರದವರಿಗೂ ಲೆಕ್ಕ ಸುಲಭವಾಗಲಿ ಎಂದು, ಒಬ್ಬೊಬ್ಬರ ಋತುಚಕ್ರ ನೋಡಿ ಬಣ್ಣದ ಮಣಿಗಳ ಸರ ಮಾಡಿಕೊಟ್ಟರು. ಹಸಿರು ಮಣಿ ಸುರಕ್ಷಿತ ದಿನಕ್ಕೆ, ಕೆಂಪು ಮಣಿ ಎಚ್ಚರದ ದಿನಕ್ಕೆ. ಉಪಾಯ ಚೆನ್ನಾಗಿತ್ತು. ನಡೆದದ್ದು ಬೇರೆ. ದೀಪವಿಲ್ಲದ ಮನೆಯಲ್ಲಿ ರಾತ್ರಿ ಬಣ್ಣ ಕಾಣುತ್ತಿರಲಿಲ್ಲ, ಮಕ್ಕಳು ಆಟವಾಡುತ್ತ ಮಣಿ ಸರಿಸಿಬಿಡುತ್ತಿದ್ದರು, ಸರ ಕೊರಳಲ್ಲಿದ್ದರೆ ಸಾಕು, ಅದೇ ಕಾಪಾಡುತ್ತದೆ ಎಂದು ಕೆಲವರು ತಿಳಿದಿದ್ದರು ಎಂದೆಲ್ಲ ಹೇಳುವುದುಂಟು. ಕಲಿಯುತ್ತೇವೆ ಎಂದು ಒಪ್ಪಿದವರು ಹಲವರಿದ್ದರೂ ಕೊನೆಯವರೆಗೆ ಪಾಲಿಸಿದವರು ಕೆಲವರೇ. ಪ್ರಯೋಗ ನಿರೀಕ್ಷಿಸಿದ ಫಲ ಕೊಡಲಿಲ್ಲ.

ವಾಟ್ಸಾಪ್‌ನ ‘7 ದಿನ’ದ ಪಟ್ಟಿ ಇವತ್ತಿನ ಮಣಿಸರ. ಕೈಯಲ್ಲಿದ್ದ ಮಾತ್ರಕ್ಕೆ ಅದು ಕಾಪಾಡುವುದಿಲ್ಲ.

‘ಡಾಕ್ಟರುಗಳು ಮುಚ್ಚಿಡುತ್ತಾರೆ’ ಎಂಬುದು ನಿಜವೇ?

ಇಲ್ಲ. ಕೇಂದ್ರ ಆರೋಗ್ಯ ಇಲಾಖೆಯ ಕುಟುಂಬ ಯೋಜನೆ ಕೈಪಿಡಿಗಳಲ್ಲೂ ವಿಶ್ವ ಆರೋಗ್ಯ ಸಂಸ್ಥೆಯ ಪುಸ್ತಕಗಳಲ್ಲೂ ಈ ವಿಧಾನಗಳ ವಿವರ ಇದೆ. ಆದರೆ ಕ್ಲಿನಿಕ್ಕಿನಲ್ಲಿ ಇದರ ಮಾತು ಅಪರೂಪ ಎಂಬುದು ನಿಜ. ಅದಕ್ಕೆ ಕಾರಣಗಳಿವೆ.

ಮೊದಲನೆಯದು, ಕೇಳುವವರೇ ಕಡಿಮೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ವಿವಾಹಿತ ಹೆಂಗಸರಲ್ಲಿ ನೂರಕ್ಕೆ ಸುಮಾರು 57 ಮಂದಿ ಸಂತಾನಹರಣ ಆಪರೇಷನ್ ಮಾಡಿಸಿಕೊಂಡವರು. ನೈಸರ್ಗಿಕ ಮತ್ತು ಇತರ ಸಾಂಪ್ರದಾಯಿಕ ವಿಧಾನ ಹೇಳಿದವರು ನೂರಕ್ಕೆ ಒಬ್ಬರೂ ಇಲ್ಲ. ಎರಡನೆಯದು, ಕಲಿಸಲು ಸಮಯ ಬೇಕು. ಒಂದು ಭೇಟಿಯಲ್ಲಿ ಮುಗಿಯುವುದಿಲ್ಲ, ಮೂರ್ನಾಲ್ಕು ತಿಂಗಳ ಚಾರ್ಟ್ ನೋಡಬೇಕು. ಹೊರರೋಗಿ ವಿಭಾಗದ ಸಾಲಿನಲ್ಲಿ ಅಷ್ಟು ಹೊತ್ತು ಸಿಗುವುದಿಲ್ಲ. ಮೂರನೆಯದು, ವಿಫಲವಾದಾಗ ಮತ್ತೆ ಅವರ ಮುಂದೆಯೇ ಬರುವ ಹೆಂಗಸರನ್ನು ವೈದ್ಯರು ನೋಡಿರುತ್ತಾರೆ.

ಇಷ್ಟೆಲ್ಲ ಇದ್ದರೂ, ಕೇಳಿದವರಿಗೆ ಸರಿಯಾದ ಉತ್ತರ ಸಿಗಬೇಕು. ‘ಆಗಲ್ಲಮ್ಮ’ ಎಂಬುದು ಉತ್ತರವಲ್ಲ. ನಿಮಗೇಕೆ ಹೊಂದುತ್ತದೆ ಅಥವಾ ಹೊಂದುವುದಿಲ್ಲ ಎಂದು ಹೇಳಿಸಿಕೊಳ್ಳುವುದು ನಿಮ್ಮ ಹಕ್ಕು.

ಯಾರಿಗೆ ಇದು ಹೊಂದುವುದಿಲ್ಲ?

• ಮುಟ್ಟು ಏರುಪೇರಾಗಿರುವವರು: ಪಿಸಿಓಎಸ್, ಥೈರಾಯಿಡ್ ತೊಂದರೆ ಇರುವವರು, ಮುಟ್ಟು ನಿಲ್ಲುವ ವಯಸ್ಸು ಹತ್ತಿರವಾದವರು. ದಿನಗಳ ಲೆಕ್ಕವನ್ನಂತೂ ನಂಬಲೇಬಾರದು.
• ಹೆರಿಗೆಯಾಗಿ ಮುಟ್ಟು ಇನ್ನೂ ಸರಿಹೋಗದವರು: ಕನಿಷ್ಠ 3 ಬಾರಿ ಮುಟ್ಟಾಗಿ, ಚಕ್ರ ನಿಯಮಿತವಾಗುವವರೆಗೆ ದಿನಗಳ ಲೆಕ್ಕದ ವಿಧಾನ ಬೇಡ. 
• ಈಗ ಗರ್ಭ ನಿಂತರೆ ಜೀವಕ್ಕೆ ಅಪಾಯವಿರುವವರು: ಹೃದ್ರೋಗ, ತೀವ್ರ ರಕ್ತದೊತ್ತಡ ಇರುವವರು, ಇತ್ತೀಚೆಗೆ ಸಿಸೇರಿಯನ್ ಆದವರು ಮೊದಲು ವೈದ್ಯರೊಡನೆ ಮಾತಾಡಿ. ಇಂಥವರಿಗೆ ಹೆಚ್ಚು ಖಚಿತವಾದ ವಿಧಾನ ಬೇಕಾಗುತ್ತದೆ.
• ರಾತ್ರಿ ಪಾಳಿಯಲ್ಲಿ ದುಡಿಯುವವರು, ನಿದ್ದೆಗೆ ಹೊತ್ತುಗೊತ್ತು ಇಲ್ಲದವರು: ತಾಪಮಾನದ ಲೆಕ್ಕ ಕೆಡುತ್ತದೆ.
• ಗಂಡ ಒಪ್ಪದಿರುವವರು: ‘ಬೇಡ’ ಎಂದರೆ ಕೇಳದ ಮನೆಯಲ್ಲಿ ಈ ವಿಧಾನ ನಿಲ್ಲುವುದಿಲ್ಲ. ಅದು ನಿಮ್ಮ ತಪ್ಪಲ್ಲ. ಬಲವಂತ, ಹಿಂಸೆ ಇದ್ದರೆ ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಬಹುದು.

ಎಚ್‌ಐವಿ ಮತ್ತು ಲೈಂಗಿಕ ಸೋಂಕುಗಳಿಂದ ನೈಸರ್ಗಿಕ ವಿಧಾನ ರಕ್ಷಣೆ ಕೊಡುವುದಿಲ್ಲ ಎಂಬುದೂ ನೆನಪಿರಲಿ. ಅದಕ್ಕೆ ಕಾಂಡೋಮ್ ಬೇಕು.

ಮೊಬೈಲ್ ಆ್ಯಪ್ ಸಾಕಲ್ಲವೇ?

ಮುಟ್ಟಿನ ದಿನಾಂಕ ಬರೆದಿಡಲು ಆ್ಯಪ್ ಒಳ್ಳೆಯದು. ಆದರೆ ಬಹುತೇಕ ಆ್ಯಪ್‌ಗಳು ಹಳೆಯ ದಿನಾಂಕಗಳ ಸರಾಸರಿ ನೋಡಿ ಮುಂದಿನದನ್ನು ಊಹಿಸುತ್ತವೆ, ಅಷ್ಟೇ. ನಿಮಗೆ ಈ ತಿಂಗಳು ಜ್ವರ ಬಂದದ್ದು ಅದಕ್ಕೆ ಗೊತ್ತಿಲ್ಲ. ಆ್ಯಪ್ ಹಸಿರು ಬಣ್ಣ ತೋರಿಸಿತು ಎಂಬುದನ್ನೇ ನಂಬಿ ಗರ್ಭನಿರೋಧಕ ಬಿಡಬೇಡಿ.

ಮೈಸೂರಿನಲ್ಲಿ ಎಲ್ಲಿಗೆ ಹೋಗಬಹುದು?

ಶ್ರೀರಾಂಪುರದಂಥ ಬಡಾವಣೆಯಿಂದ ಹೊರಟರೆ ನಮ್ಮ ಸಲಹೆ ಈ ಕ್ರಮದಲ್ಲಿ:

ಮೊದಲು ನಿಮ್ಮ ಆಶಾ ಕಾರ್ಯಕರ್ತೆ ಅಥವಾ ಹತ್ತಿರದ ನಗರ ಪ್ರಾಥಮಿಕ ಆರೋಗ್ಯ ಕೇಂದ್ರ. ಮುಟ್ಟಿನ ದಾಖಲೆ ಇಡುವುದು, ಎದೆಹಾಲಿನ ವಿಧಾನ, ಕಾಂಡೋಮ್, ಗರ್ಭ ಪರೀಕ್ಷೆಯ ಕಿಟ್ ಇವುಗಳಿಗೆ ಇಲ್ಲೇ ಶುರು ಮಾಡಬಹುದು. ಖರ್ಚಿಲ್ಲ.

ಎರಡನೆಯದು, ಚೆಲುವಾಂಬ ಆಸ್ಪತ್ರೆ. ಮೈಸೂರು ವೈದ್ಯಕೀಯ ಕಾಲೇಜಿಗೆ ಸೇರಿದ, ಹೆಂಗಸರ ಮತ್ತು ಮಕ್ಕಳ ಸರ್ಕಾರಿ ಆಸ್ಪತ್ರೆ ಇದು. ಚೀಟಿ ಮಾಡಿಸುವಾಗಲೇ ‘ಕುಟುಂಬ ಯೋಜನೆ ಸಲಹೆ ಬೇಕು’ ಎಂದು ಹೇಳಿ. ಮುಟ್ಟು ಏರುಪೇರಿದ್ದರೆ, ಬಿಳಿಸೆರಗು ಇದ್ದರೆ ಮೊದಲು ಅದರ ತಪಾಸಣೆ ಆಗಲಿ. ಖಾಸಗಿಯಲ್ಲಿ ನೋಡುವುದಾದರೆ ಜೆಎಸ್‌ಎಸ್ ಆಸ್ಪತ್ರೆಯಂಥ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗಳ ಸ್ತ್ರೀರೋಗ ವಿಭಾಗ ಇದೆ.

ಮೂರನೆಯದು, ಕಲಿಸುವವರು. ಈ ವಿಧಾನ ಕಲಿಸಲು ಡಾಕ್ಟರೇ ಆಗಬೇಕೆಂದಿಲ್ಲ. ತರಬೇತಿ ಪಡೆದ ನರ್ಸ್, ಆಪ್ತಸಮಾಲೋಚಕಿ ಕೂಡ ಕಲಿಸಬಲ್ಲರು. ಕ್ಯಾಥೊಲಿಕ್ ಸಂಸ್ಥೆಗಳು ಈ ವಿಧಾನವನ್ನು ಹಿಂದಿನಿಂದಲೂ ಪ್ರೋತ್ಸಾಹಿಸುತ್ತ ಬಂದಿವೆ. ಆದ್ದರಿಂದ ಅವರು ನಡೆಸುವ ಆಸ್ಪತ್ರೆಗಳಲ್ಲಿ ‘ಬಿಲ್ಲಿಂಗ್ಸ್ ವಿಧಾನ ಕಲಿಸುವವರು ಇದ್ದಾರೆಯೇ’ ಎಂದು ಯಾವ ಧರ್ಮದವರಾದರೂ ವಿಚಾರಿಸಬಹುದು. ಇತರ ವಿಧಾನಗಳ ಬಗ್ಗೆ ಅಲ್ಲಿ ಮಾಹಿತಿ ಸಿಗದಿದ್ದರೆ ಅದಕ್ಕಾಗಿ ಸರ್ಕಾರಿ ಆಸ್ಪತ್ರೆಗೆ ಹೋಗಿ. 1949ರಲ್ಲಿ ಸ್ಥಾಪನೆಯಾದ ಭಾರತೀಯ ಕುಟುಂಬ ಯೋಜನಾ ಸಂಘದ ಶಾಖೆಗಳೂ ಕರ್ನಾಟಕದಲ್ಲಿವೆ.

ಮನೆಯಿಂದ ಹೊರಡುವುದೇ ಕಷ್ಟವಾದರೆ, ಆರೋಗ್ಯ ಸಹಾಯವಾಣಿ 104ಕ್ಕೆ ಕನ್ನಡದಲ್ಲೇ ಕರೆ ಮಾಡಬಹುದು. ಸರ್ಕಾರದ ಇ-ಸಂಜೀವನಿ ಮೂಲಕ ಫೋನಿನಲ್ಲೇ ವೈದ್ಯರನ್ನು ಕಾಣಬಹುದು.

ವೈದ್ಯರ ಬಳಿ ಏನು ಕೇಳಬೇಕು?

ಹೋಗುವ ಮೊದಲು ಹಿಂದಿನ ಆರು ತಿಂಗಳ ಮುಟ್ಟಿನ ದಿನಾಂಕ ಬರೆದುಕೊಳ್ಳಿ. ನೆನಪಿಲ್ಲದಿದ್ದರೆ ಇವತ್ತಿನಿಂದಲೇ ಕ್ಯಾಲೆಂಡರಿನಲ್ಲಿ ಗುರುತು ಹಾಕಲು ಶುರು ಮಾಡಿ. ಸಾಧ್ಯವಾದರೆ ಗಂಡನನ್ನೂ ಕರೆದುಕೊಂಡು ಹೋಗಿ. ಕೇಳಬೇಕಾದ ಪ್ರಶ್ನೆಗಳು ಇವು:

1. ನನ್ನ ಋತುಚಕ್ರ ನೋಡಿದರೆ ಈ ವಿಧಾನ ನನಗೆ ಹೊಂದುತ್ತದೆಯೇ?
2. ಯಾವ ವಿಧಾನ? ದಿನಗಳ ಲೆಕ್ಕವೋ, ಲೋಳೆಯೋ, ತಾಪಮಾನವೂ ಸೇರಿದ್ದೋ?
3. ನನ್ನ ಚಾರ್ಟನ್ನು ಪ್ರತಿ ತಿಂಗಳು ಯಾರು ನೋಡುತ್ತಾರೆ?
4. ಕಲಿಯುವ ಮೊದಲ ಮೂರು ತಿಂಗಳು ಏನು ಬಳಸಬೇಕು?
5. ಎಡವಿದರೆ ಏನು ಮಾಡಬೇಕು?

ಐದಕ್ಕೂ ಸಮಾಧಾನದಿಂದ ಉತ್ತರಿಸುವವರು ಸಿಕ್ಕರೆ ಅವರನ್ನು ಬಿಡಬೇಡಿ. ‘ನೂರಕ್ಕೆ ನೂರು ಗ್ಯಾರಂಟಿ’ ಎನ್ನುವವರನ್ನು, ಪುಡಿ, ಕಷಾಯ ಮಾರುತ್ತ ‘ನ್ಯಾಚುರಲ್’ ಎನ್ನುವವರನ್ನು ದೂರವಿಡಿ. ನೈಸರ್ಗಿಕ ಕುಟುಂಬ ಯೋಜನೆಯಲ್ಲಿ ಕೊಳ್ಳುವ ಔಷಧಿಯೇ ಇಲ್ಲ.

ನಾಲ್ಕನೆಯ ಪ್ರಶ್ನೆಗೆ ಸಾಮಾನ್ಯ ಉತ್ತರ: ಕಾಂಡೋಮ್. ಕಲಿತ ಮೇಲೂ ಎಚ್ಚರದ ದಿನಗಳಲ್ಲಿ ದೂರವಿರಲು ಆಗದಿದ್ದರೆ ಕಾಂಡೋಮ್ ಬಳಸುವ ದಂಪತಿಗಳು ಬಹಳ. ಆದರೆ ಗರ್ಭ ನಿಲ್ಲುವ ದಿನಗಳಲ್ಲಿ ಕಾಂಡೋಮ್ ಹರಿದರೆ ಅಪಾಯ ಹೆಚ್ಚು ಎಂಬ ಅರಿವಿರಲಿ.

ಮಾತ್ರೆ ಒಗ್ಗದಿದ್ದರೆ ಉಳಿದಿರುವುದು ಇದೊಂದೇ ದಾರಿಯೇ?

ಅಲ್ಲ. ನಮ್ಮ ಓದುಗರಿಗೆ ಇದನ್ನು ಒತ್ತಿ ಹೇಳುತ್ತೇವೆ. ಸಾಮಾನ್ಯ ಗರ್ಭನಿರೋಧಕ ಮಾತ್ರೆಯಲ್ಲಿ ಹಾರ್ಮೋನ್ ಇರುತ್ತದೆ. ಕಾಪರ್-ಟಿ ಮತ್ತು ಕಾಂಡೋಮ್‌ನಲ್ಲಿ ಹಾರ್ಮೋನ್ ಇಲ್ಲ. ಸರ್ಕಾರಿ ಕೇಂದ್ರಗಳಲ್ಲಿ ಉಚಿತವಾಗಿ ಸಿಗುವ ‘ಛಾಯಾ’ ಮಾತ್ರೆಯಲ್ಲೂ ಹಾರ್ಮೋನ್ ಇಲ್ಲ. ಮೊದಲ ಮೂರು ತಿಂಗಳು ವಾರಕ್ಕೆರಡು, ಆಮೇಲೆ ವಾರಕ್ಕೊಂದು. ಎರಡು ವರ್ಷದ ಅಂತರ ಖಚಿತವಾಗಿ ಬೇಕೆನ್ನುವವರಿಗೆ ಕಾಪರ್-ಟಿ ಹೆಚ್ಚು ಗಟ್ಟಿ, ತೆಗೆಸಿದ ಮೇಲೆ ಗರ್ಭ ನಿಲ್ಲಲು ತೊಂದರೆಯಿಲ್ಲ. ಅಂದರೆ ಆ ಕ್ಲಿನಿಕ್ಕಿನಲ್ಲಿ ಹೇಳಿದ ಸಲಹೆ ತಪ್ಪಲ್ಲ. ಅದನ್ನು ಹೇಳಿದ ರೀತಿ ಸಾಲದಾಯಿತು. ಎಲ್ಲವನ್ನೂ ಕೇಳಿ ತಿಳಿದು, ಆಮೇಲೂ ನೈಸರ್ಗಿಕ ವಿಧಾನವೇ ಬೇಕೆನಿಸಿದರೆ ಅದು ನಿಮ್ಮ ಆಯ್ಕೆ.

ಲೆಕ್ಕ ತಪ್ಪಿದರೆ?

ಎಚ್ಚರದ ದಿನದಲ್ಲಿ ತಪ್ಪಿತು ಎನಿಸಿದರೆ ಗಾಬರಿ ಬೇಡ, ತಡವೂ ಬೇಡ. ತುರ್ತು ಗರ್ಭನಿರೋಧಕ ಮಾತ್ರೆಯನ್ನು 72 ಗಂಟೆಯೊಳಗೆ ತೆಗೆದುಕೊಳ್ಳಬೇಕು, ಬೇಗ ತೆಗೆದುಕೊಂಡಷ್ಟೂ ಒಳ್ಳೆಯದು. ಆದರೆ ಇದು ತಿಂಗಳು ತಿಂಗಳು ಬಳಸುವ ವಿಧಾನವಲ್ಲ. ಮುಟ್ಟು ಒಂದು ವಾರ ತಡವಾದರೆ ಗರ್ಭ ಪರೀಕ್ಷೆ ಮಾಡಿ. ಆಶಾ ಕಾರ್ಯಕರ್ತೆಯರ ಬಳಿ ‘ನಿಶ್ಚಯ್’ ಕಿಟ್ ಇರುತ್ತದೆ.

ಗರ್ಭ ನಿಂತದ್ದು ಖಚಿತವಾಗಿ, ಅದು ಬೇಡವೆನಿಸಿದರೆ ಮೆಡಿಕಲ್ ಅಂಗಡಿಯಿಂದ ಮಾತ್ರೆ ತಂದು ನುಂಗಬೇಡಿ. ಗರ್ಭನಿರೋಧಕ ವಿಫಲವಾದಾಗ 20 ವಾರದವರೆಗೆ, ಒಬ್ಬ ನೋಂದಾಯಿತ ವೈದ್ಯರ ಅಭಿಪ್ರಾಯದ ಮೇಲೆ ಮಾನ್ಯತೆ ಪಡೆದ ಆಸ್ಪತ್ರೆಯಲ್ಲಿ ಗರ್ಭಪಾತ ಮಾಡಿಸಿಕೊಳ್ಳಲು ಕಾನೂನು ಅವಕಾಶ ಕೊಟ್ಟಿದೆ. 18 ತುಂಬಿದ ಹೆಣ್ಣಿನ ಒಪ್ಪಿಗೆಯಷ್ಟೇ ಸಾಕು, ಗಂಡನ ಸಹಿ ಬೇಕೆಂದು ಕಾನೂನಿನಲ್ಲಿಲ್ಲ. ಹೆಸರು, ವಿವರ ಗುಟ್ಟಾಗಿಡುವುದು ವೈದ್ಯರ ಕರ್ತವ್ಯ.

ಒಟ್ಟಿನಲ್ಲಿ

‘ಮುಟ್ಟು ನಿಂತ ಮೇಲೆ 7 ದಿನ ಸೇಫ್’ ಎಂಬ ಸಂದೇಶ ತಪ್ಪು. ನೈಸರ್ಗಿಕ ಕುಟುಂಬ ಯೋಜನೆ ನಿಜ. ಅದಕ್ಕೆ ನಿಯಮಿತ ಋತುಚಕ್ರ, ದಿನವೂ ದಾಖಲೆ, ಕಲಿಸುವ ಒಬ್ಬರು ಮತ್ತು ಒಪ್ಪುವ ಗಂಡ, ಈ ನಾಲ್ಕೂ ಬೇಕು. ನಾಲ್ಕೂ ಇದ್ದರೆ ಕಲಿಯಿರಿ. ಒಂದು ಇಲ್ಲದಿದ್ದರೂ ಬೇರೆ ವಿಧಾನ ನೋಡಿ. ಇದೇ ಜ್ಞಾನ ಮುಂದೆ ಮಗು ಬೇಕೆಂದಾಗಲೂ ಉಪಯೋಗಕ್ಕೆ ಬರುತ್ತದೆ. ಆಗ ಎಚ್ಚರದ ದಿನಗಳೇ ನಿಮಗೆ ಬೇಕಾದ ದಿನಗಳು.

ಆ ಫಾರ್ವರ್ಡ್ ನಿಮ್ಮ ಗುಂಪಿಗೂ ಬಂದಿದ್ದರೆ, ಕಳುಹಿಸಿದವರನ್ನು ಬೈಯಬೇಡಿ. ಅವರೂ ನಿಮ್ಮ ಒಳ್ಳೆಯದನ್ನೇ ಬಯಸಿ ಕಳುಹಿಸಿರುತ್ತಾರೆ. ಅದರ ಕೆಳಗೆ ಈ ಲೇಖನ ಹಾಕಿ. ನೋಡುವವರಲ್ಲಿ ಗಂಡಸರೂ ಇದ್ದರೆ ಇನ್ನೂ ಒಳ್ಳೆಯದು. ಇದು ಅವರೂ ಓದಬೇಕಾದ ವಿಷಯ.

ಈ ಲೇಖನ ಮಾಹಿತಿಗಾಗಿ ಮಾತ್ರ. ನಿಮ್ಮ ದೇಹಕ್ಕೆ ಯಾವುದು ಸರಿ ಎಂಬುದನ್ನು ನಿಮ್ಮನ್ನು ಪರೀಕ್ಷಿಸಿದ ವೈದ್ಯರೊಡನೆ ಮಾತಾಡಿ ನಿರ್ಧರಿಸಿ.